ಡೇರೆ ಹಾಕುವ ಮುಂಚೆ ಮಳೆಯ ಲೆಕ್ಕ

"ಇಲ್ಲೇ ಹಾಕೋಣ ಅಜ್ಜ. ಹಕ್ಕಿಗಳು ನೀರಿಗೆ ಬಂದೇ ಬರುತ್ತವೆ. ಬೆಳಿಗ್ಗೆ ಎದ್ದು ಡೇರೆಯ ಬಾಗಿಲು ಸರಿಸಿದರೆ ಸಾಕು!"

ಹನ್ನೆರಡು ವರ್ಷದ ಹುಡುಗನ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟವಾಗಿತ್ತು. ಅವನು ಬೆರಳು ತೋರಿಸುತ್ತಿದ್ದ ಜಾಗ ನಿಜಕ್ಕೂ ಚೆನ್ನಾಗಿತ್ತು. ಸಮತಟ್ಟಾದ ನೆಲ, ಗಾಳಿಗೆ ಅಡ್ಡವಾಗಿ ಒಂದು ಗುಡ್ಡ, ಹತ್ತು ಮಾರು ದೂರದಲ್ಲಿ ಸಿಮೆಂಟಿನ ಪುಟ್ಟ ನೀರಿನ ತೊಟ್ಟಿ. ಅಜ್ಜ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. "ಮೊದಲು ಆ ತೊಟ್ಟಿಯ ಸುತ್ತ ಒಂದು ಸಲ ನಡೆದು ಬಾ. ಆಮೇಲೆ ಹೇಳು" ಎಂದರು.

ಇದು ನಡೆದದ್ದು ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಕೆಲವು ವರ್ಷಗಳ ಹಿಂದೆ, ಒಂದು ಡಿಸೆಂಬರಿನಲ್ಲಿ. ಮಗಳ ಮನೆಗೆಂದು ಫೀನಿಕ್ಸ್ ನಗರಕ್ಕೆ ಹೋಗಿದ್ದೆ. ಪಕ್ಕದ ಮನೆಯ ನಿವೃತ್ತ ಶಾಲಾ ಮಾಸ್ತರರು ಮೊಮ್ಮಗನನ್ನು ಮೊದಲ ಬಾರಿಗೆ ಲಾವಕ್ಕಿ ಬೇಟೆಗೆ ಕರೆದೊಯ್ಯುವ ಸಿದ್ಧತೆಯಲ್ಲಿದ್ದರು. "ನೀವು ಕೋವಿ ಹಿಡಿಯುವುದು ಬೇಡ, ದುರ್ಬೀನು ತನ್ನಿ" ಎಂದು ನನ್ನನ್ನೂ ಕರೆದರು. ಚಳ್ಳಕೆರೆ ಕಡೆಯವನಾದ ನನಗೆ ಬುರ್ಲಿ, ಗೌಜಲು, ಉರುಲು ಇವೆಲ್ಲ ಹುಡುಗಾಟದ ದಿನಗಳಲ್ಲಿ ನೋಡಿದ್ದೇ. ಆದರೆ ಬೇಟೆಗೆ ಹೊರಡುವ ಮುಂಚೆ ಮನುಷ್ಯನೊಬ್ಬ ಮೂರು ದಿನ ಭೂಪಟ ಮತ್ತು ಮಳೆಯ ಅಂಕಿಗಳ ಮುಂದೆ ಕೂತದ್ದನ್ನು ನೋಡಿದ್ದು ಅದೇ ಮೊದಲು.

ಮಳೆ ಬಂದರೆ ಮರಿ

ಅರಿಜೋನಾದ ದಕ್ಷಿಣ ಭಾಗದ ಬಹುಪಾಲನ್ನು ಹರಡಿಕೊಂಡಿರುವುದು ಸೊನೋರನ್ ಮರುಭೂಮಿ. ಮರುಭೂಮಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಮರಳ ದಿಬ್ಬಗಳು ಇಲ್ಲಿ ಅಪರೂಪ. ಕಲ್ಲುಗುಡ್ಡ, ಒಣಹಳ್ಳ, ನಲವತ್ತು ಅಡಿ ಎತ್ತರಕ್ಕೆ ಕೈ ಚಾಚಿ ನಿಂತ ಸವಾರೊ ಕಳ್ಳಿ, ನಡುನಡುವೆ ಮೆಸ್ಕೀಟ್ ಎಂಬ ಮುಳ್ಳಿನ ಮರ. ಮೆಸ್ಕೀಟನ್ನು ಕಂಡಾಗ ನನಗೆ ಊರಿಗೇ ಬಂದಂತಾಯಿತು. ನಮ್ಮ ಬಳ್ಳಾರಿ ಜಾಲಿ ಇದರ ಹತ್ತಿರದ ನೆಂಟ. ಅದೂ ಅಮೆರಿಕ ಖಂಡದಿಂದಲೇ ನಮ್ಮಲ್ಲಿಗೆ ಬಂದದ್ದು. ಫೀನಿಕ್ಸಿನ ವರ್ಷದ ಸರಾಸರಿ ಮಳೆ 200 ಮಿಲಿಮೀಟರಿಗೂ ಕಡಿಮೆ. ಬರಗಾಲದ ಸೀಮೆ ಎನಿಸಿಕೊಂಡ ನಮ್ಮ ಚಳ್ಳಕೆರೆಗೆ ಅದರ ಎರಡು ಪಟ್ಟಿಗೂ ಹೆಚ್ಚು ಬೀಳುತ್ತದೆ.

ಈ ನೆಲದ ಹಕ್ಕಿ ಗ್ಯಾಂಬೆಲ್ ಲಾವಕ್ಕಿ. ಹತ್ತೊಂಬತ್ತನೆಯ ಶತಮಾನದ ನಿಸರ್ಗತಜ್ಞ ವಿಲಿಯಂ ಗ್ಯಾಂಬೆಲ್‌ನ ಹೆಸರು ಇದಕ್ಕೆ ಅಂಟಿಕೊಂಡಿದೆ. ತೂಕ ಇನ್ನೂರು ಗ್ರಾಮಿಗೂ ಕಡಿಮೆ. ನೆತ್ತಿಯ ಮೇಲೆ ಮುಂದಕ್ಕೆ ಬಾಗಿದ ಕಪ್ಪು ಜುಟ್ಟು. ಹಾರುವುದಕ್ಕಿಂತ ಓಡುವುದರಲ್ಲೇ ಇದಕ್ಕೆ ನಂಬಿಕೆ. ಹೆಣ್ಣು ಒಂದು ಸಲಕ್ಕೆ ಹತ್ತು ಹನ್ನೆರಡು ಮೊಟ್ಟೆ ಇಡುತ್ತದೆ. ಆದರೆ ಪ್ರತಿ ವರ್ಷವೂ ಇಡುತ್ತದೆ ಎಂದು ಹೇಳುವಂತಿಲ್ಲ.

ಮಾಸ್ತರರು ಮೊಮ್ಮಗನಿಗೆ ಪಾಠ ಮಾಡಿದ್ದು ಇಲ್ಲಿಂದಲೇ. ಅಕ್ಟೋಬರಿನಿಂದ ಮಾರ್ಚಿನವರೆಗೆ ಬೀಳುವ ಚಳಿಗಾಲದ ಮಳೆ ಈ ಹಕ್ಕಿಯ ಹಣೆಬರಹ. ಆ ಮಳೆ ಚೆನ್ನಾಗಿ ಬಿದ್ದರೆ ಕಲ್ಲುಗಳ ನಡುವೆ ಎಳೆಯ ಸೊಪ್ಪು ಚಿಗುರುತ್ತದೆ. ಹಕ್ಕಿಗಳು ಅದನ್ನು ತಿನ್ನುತ್ತವೆ, ಸೊಪ್ಪಿನಿಂದ ಸಿಗುವ ಎ ಜೀವಸತ್ವ ಅವುಗಳ ಪಿತ್ತಜನಕಾಂಗದಲ್ಲಿ ಕೂಡಿಕೊಳ್ಳುತ್ತದೆ, ವಸಂತದಲ್ಲಿ ಗುಂಪು ಒಡೆದು ಜೋಡಿಗಳಾಗುತ್ತವೆ. ಮಳೆ ಕೈಕೊಟ್ಟ ವರ್ಷ ಎಷ್ಟೋ ಹಕ್ಕಿಗಳು ಜೋಡಿಯಾಗುವುದೇ ಇಲ್ಲ. ಗುಂಪಿನಲ್ಲಿಯೇ ಉಳಿದು ಬೇಸಿಗೆ ಕಳೆಯುತ್ತವೆ. ಎ ಜೀವಸತ್ವಕ್ಕೂ ಮರಿಗಳ ಸಂಖ್ಯೆಗೂ ಇರುವ ಈ ಸಂಬಂಧದ ಬಗ್ಗೆ ಹಂಗರ್‌ಫರ್ಡ್ ಎಂಬ ವಿಜ್ಞಾನಿ 1964ರಲ್ಲಿ ಪ್ರಬಂಧ ಪ್ರಕಟಿಸಿದರು. ಅದಕ್ಕೂ ಹತ್ತು ವರ್ಷ ಮುಂಚೆ, 1954ರಲ್ಲಿ, ಅರಿಜೋನಾದ ಸ್ವಾಂಕ್ ಮತ್ತು ಗ್ಯಾಲಿಜಿಯೋಲಿ ಎಂಬ ಇಬ್ಬರು ತಜ್ಞರು ಬೇಟೆ ಮತ್ತು ಮಳೆ ಎರಡನ್ನೂ ತೂಗಿ ನೋಡಿ, ಈ ಲಾವಕ್ಕಿಯ ಏರಿಳಿತಕ್ಕೆ ಮುಖ್ಯ ಕಾರಣ ಮಳೆಯೇ ಹೊರತು ಕೋವಿಯಲ್ಲ ಎಂದಿದ್ದರು.

ಆದ್ದರಿಂದ ಅನುಭವಸ್ಥ ಬೇಟೆಗಾರ ಡಿಸೆಂಬರಿನಲ್ಲಿ ಎಲ್ಲಿಗೆ ಹೋಗಬೇಕು ಎಂಬುದನ್ನು ಹಿಂದಿನ ಮಾರ್ಚಿನಲ್ಲಿಯೇ ಅರ್ಧ ತೀರ್ಮಾನಿಸಿರುತ್ತಾನೆ.

ಮೂರು ಜಾಗ, ಒಂದು ಆಯ್ಕೆ

ಮಾಸ್ತರರ ಮುಂದೆ ಮೂರು ಜಾಗಗಳಿದ್ದವು. ಮೊದಲನೆಯದು ನೈರುತ್ಯಕ್ಕೆ, ಗಿಲಾ ಬೆಂಡ್ ಊರಿನ ಸುತ್ತಲಿನ ತಗ್ಗು ಮರುಭೂಮಿ. ಹತ್ತಿರದ ದಾರಿ, ವಿಶಾಲ ಬಯಲು. ಆದರೆ ಮೂರರಲ್ಲಿ ಅತಿ ಒಣ ಜಾಗ ಅದೇ. ಎರಡನೆಯದು ಆಗ್ನೇಯಕ್ಕೆ, ವಿಲ್‌ಕಾಕ್ಸ್ ಊರಿನ ಕಡೆಯ ಹುಲ್ಲುಗಾವಲು. ಅಲ್ಲಿ ಬೇರೊಂದು ಜಾತಿಯ ಲಾವಕ್ಕಿಯೂ ಸಿಗುತ್ತದೆ. ಆದರೆ ಕಾರಿನಲ್ಲಿ ಮೂರು ಗಂಟೆಯ ಪ್ರಯಾಣ. ಮೂರನೆಯದು ಈಶಾನ್ಯಕ್ಕೆ, ಟಾಂಟೊ ರಾಷ್ಟ್ರೀಯ ಅರಣ್ಯದ ಅಡಿಯ ಗುಡ್ಡಗಳು. ಇದೂ ಮರುಭೂಮಿಯೇ, ಆದರೆ ನೆಲ ಸ್ವಲ್ಪ ಎತ್ತರ, ಹಾಗಾಗಿ ಮಳೆಯೂ ಸ್ವಲ್ಪ ಹೆಚ್ಚು.

ಹಿಂದಿನ ಚಳಿಗಾಲದಲ್ಲಿ ಮಳೆ ಸಾಲದೆ ಹೋಗಿತ್ತು. ಒಳ್ಳೆಯ ವರ್ಷವಾಗಿದ್ದರೆ ಗಿಲಾ ಬೆಂಡ್ ಸಾಕಿತ್ತು ಎಂದರು ಮಾಸ್ತರರು. ಬರದ ವರ್ಷದಲ್ಲಿ ಅಲ್ಲಿ ಉಳಿದಿರುವುದು ಮುಂದಿನ ವರ್ಷದ ಬೀಜದಂಥ ಹಕ್ಕಿಗಳು ಮಾತ್ರ. ಅವನ್ನು ಅಟ್ಟಾಡಿಸಬಾರದು ಎಂಬುದು ಅವರ ಲೆಕ್ಕ. ಹೀಗಾಗಿ ಟಾಂಟೊ ಗುಡ್ಡಗಳ ಆಯ್ಕೆಯಾಯಿತು.

ಅನಂತರ ಭೂಪಟದ ಸರದಿ. ಅಲ್ಲಿನ ಭೂಪಟಗಳಲ್ಲಿ ನೆಲದ ಒಡೆತನವನ್ನು ಬಣ್ಣಗಳಲ್ಲಿ ಗುರುತಿಸಿರುತ್ತಾರೆ. ಹಸಿರು ರಾಷ್ಟ್ರೀಯ ಅರಣ್ಯ, ಹಳದಿ ಕೇಂದ್ರ ಸರ್ಕಾರದ ಬಯಲು, ನೀಲಿ ರಾಜ್ಯದ ಜಮೀನು, ಬಿಳಿ ಖಾಸಗಿ. ಮೂಲನಿವಾಸಿಗಳ ನೆಲದಲ್ಲಿ ಬೇಟೆಯಾಡಬೇಕಾದರೆ ಆ ಬುಡಕಟ್ಟಿನ ಅನುಮತಿ ಬೇಕು. ಸವಾರೊ ರಾಷ್ಟ್ರೀಯ ಉದ್ಯಾನದಂಥ ಕಡೆ ಬೇಟೆಯೇ ಇಲ್ಲ. ಜನ ವಾಸವಿರುವ ಮನೆಯಿಂದ ಕಾಲು ಮೈಲಿಯೊಳಗೆ ಒಪ್ಪಿಗೆಯಿಲ್ಲದೆ ಗುಂಡು ಹಾರಿಸುವಂತಿಲ್ಲ. ದಿನಕ್ಕೆ ಒಬ್ಬ ಬೇಟೆಗಾರ ಹೊಡೆಯಬಹುದಾದ ಲಾವಕ್ಕಿ ಹೆಚ್ಚೆಂದರೆ 15. ಪರವಾನಗಿಯಂತೂ ಇರಲೇಬೇಕು. ಹುಡುಗ ತನ್ನ ಪರವಾನಗಿಯನ್ನು ಪರೀಕ್ಷೆಯ ಪ್ರವೇಶಪತ್ರದಂತೆ ಮತ್ತೆ ಮತ್ತೆ ಜೇಬಿನಿಂದ ತೆಗೆದು ನೋಡಿಕೊಳ್ಳುತ್ತಿದ್ದ.

ತೊಟ್ಟಿಯ ಸುತ್ತ ಹೆಜ್ಜೆಗಳು

ಈಗ ಮತ್ತೆ ಆ ನೀರಿನ ತೊಟ್ಟಿಗೆ ಬರೋಣ. ಅಲ್ಲಿನವರು ಅದನ್ನು ಗಜ್ಲರ್ ಎನ್ನುತ್ತಾರೆ. ಇಳಿಜಾರಾದ ಸಿಮೆಂಟಿನ ಹಾಸು, ಅದರ ಮೇಲೆ ಬಿದ್ದ ಮಳೆನೀರು ಹರಿದು ಸೇರುವ ತೊಟ್ಟಿ, ಹಕ್ಕಿಗಳು ಇಳಿದು ಕುಡಿಯಲು ಒಂದು ಇಳಿಜಾರು ದಾರಿ. ಇಂಥ ತೊಟ್ಟಿಗಳನ್ನು 1940ರ ದಶಕದಿಂದಲೂ ಕಟ್ಟುತ್ತ ಬಂದಿದ್ದಾರೆ. ವನ್ಯಜೀವಿಗಳ ಇಂಥ ಕೆಲಸಗಳಿಗೆ ಹಣ ಬರುವ ಒಂದು ದೊಡ್ಡ ಮೂಲ ಬೇಟೆಗಾರರೇ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಬೇಟೆಯ ಕೋವಿ ಮತ್ತು ತೋಟಾಗಳ ಮೇಲಿನ ಶೇಕಡಾ 11ರ ತೆರಿಗೆ ವನ್ಯಜೀವಿ ರಕ್ಷಣೆಗೆ ಮೀಸಲು.

ಹುಡುಗ ಒಂದು ಸುತ್ತು ಹಾಕಿ ಬಂದ. ಮುಖದಲ್ಲಿ ಮೊದಲಿನ ಉತ್ಸಾಹ ಇರಲಿಲ್ಲ. ಜಿಂಕೆಯ ಗೊರಸು, ಕಾಡುಹಂದಿಯನ್ನು ಹೋಲುವ ಹವಲೀನಾದ ಗೊರಸು, ಕಯೋಟಿ ತೋಳದ ಪಂಜ, ಲಾವಕ್ಕಿಗಳ ನೂರಾರು ಪುಟ್ಟ ಕಾಲುಗಳ ಗುರುತು ಎಲ್ಲವೂ ಅಲ್ಲಿದ್ದವಂತೆ.

"ಇವಕ್ಕೆ ಹತ್ತಿರದಲ್ಲಿ ಬೇರೆ ನೀರು ಎಲ್ಲಿದೆ?" ಎಂದು ಕೇಳಿದರು ಅಜ್ಜ.

"ಬರುವಾಗ ಎಲ್ಲೂ ಕಾಣಲಿಲ್ಲ."

"ನಾವು ಇಲ್ಲಿ ದೀಪ ಹಚ್ಚಿ, ಅಡುಗೆ ಮಾಡಿ, ಮಾತಾಡುತ್ತ ಕೂತರೆ?"

ಹುಡುಗ ಉತ್ತರ ಹೇಳಲಿಲ್ಲ. ಡೇರೆಯ ಚೀಲವನ್ನು ತಾನೇ ಹೆಗಲಿಗೇರಿಸಿದ.

ಇದು ಮಾಸ್ತರರ ದೊಡ್ಡತನ ಮಾತ್ರವಲ್ಲ, ಅರಿಜೋನಾದ ಕಾನೂನು ಕೂಡ. ಪ್ರಾಣಿಗಳಿಗೆ ಸುಲಭವಾಗಿ ಸಿಗುವ ಏಕೈಕ ನೀರಿಗೆ ಅಡ್ಡಿಯಾಗುವಂತೆ ಕಾಲು ಮೈಲಿಯೊಳಗೆ, ಅಂದರೆ ಸುಮಾರು 400 ಮೀಟರಿನೊಳಗೆ, ಬಿಡಾರ ಹೂಡುವುದು ಅಪರಾಧ. ಕಾಡುಪ್ರಾಣಿಗೆ ಮಾತ್ರವಲ್ಲ, ಮೇಯಲು ಬಿಟ್ಟ ದನಗಳಿಗೂ ಈ ನಿಯಮ ಅನ್ವಯಿಸುತ್ತದೆ.

ಹುಡುಗನ ಎರಡನೆಯ ಆಯ್ಕೆ ಒಣಹಳ್ಳದ ಮರಳು. ಹಾಸಿಗೆಯಂತೆ ಮೆತ್ತಗಿತ್ತು. ಅದನ್ನೂ ಅಜ್ಜ ಒಪ್ಪಲಿಲ್ಲ. ದಂಡೆಯ ಮೆಸ್ಕೀಟಿನ ಕೊಂಬೆಯಲ್ಲಿ, ನನ್ನ ಎದೆಯ ಎತ್ತರಕ್ಕೆ ಸಿಕ್ಕಿಕೊಂಡಿದ್ದ ಕಸಕಡ್ಡಿ ತೋರಿಸಿದರು. ಅದು ಹಳ್ಳ ಬಂದಾಗ ನೀರು ಏರಿದ್ದ ಮಟ್ಟ. ನಮ್ಮ ತಲೆಯ ಮೇಲೆ ಆಕಾಶ ಶುಭ್ರವಾಗಿದ್ದರೂ ದೂರದ ಬೆಟ್ಟದಲ್ಲಿ ಬಿದ್ದ ಮಳೆ ಹಳ್ಳದಲ್ಲಿ ನುಗ್ಗಿ ಬರಬಹುದು. ಬಯಲುಸೀಮೆಯ ಹಳ್ಳಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊನೆಗೆ ದಂಡೆಗಿಂತ ಎತ್ತರದಲ್ಲಿ, ಹಿಂದೆ ಯಾರೋ ಬಿಡಾರ ಹೂಡಿದ್ದ ಗಟ್ಟಿ ನೆಲದಲ್ಲಿಯೇ ಡೇರೆ ಎದ್ದಿತು. ಹೊಸ ಗಿಡ ತುಳಿಯುವುದು ತಪ್ಪಿತು.

ನೀರು ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ನಾಲ್ಕು ಲೀಟರಿನ ಆಸುಪಾಸು, ನಾಯಿಯದು ಬೇರೆ. ಹಗಲು ಅಂಗಿ ಸಾಕೆನಿಸಿದ ಜಾಗದಲ್ಲಿ ರಾತ್ರಿ ಎರಡು ಕಂಬಳಿಯೂ ಸಾಲಲಿಲ್ಲ. ಮಾಸ್ತರರ ಜೇಬಿನಲ್ಲಿದ್ದ ವಿಚಿತ್ರ ಸಾಮಾನು ಎಂದರೆ ಒಂದು ತಲೆ ಬಾಚುವ ಹಣಿಗೆ. ಚೋಯಾ ಎಂಬ ಕಳ್ಳಿಯ ತುಂಡು ಮುಟ್ಟಿದರೆ ಸಾಕು, ಅಂಟಿಕೊಳ್ಳುತ್ತದೆ. ಕೈಯಿಂದ ಕೀಳಹೋದರೆ ಕೈಗೇ ಹತ್ತುತ್ತದೆ. ಹಣಿಗೆಯಿಂದ ಎತ್ತಿ ಎಸೆಯಬೇಕು. ಮರುದಿನ ಅದು ನಾಯಿಯ ಪಾದಕ್ಕೂ ನನ್ನ ಬೂಟಿಗೂ ಉಪಯೋಗಕ್ಕೆ ಬಂತು.

ಮೂರು ಹಕ್ಕಿ, ಮೂರೂ ಹಳೆಯವು

ಬೆಳಿಗ್ಗೆ ಕಿತ್ತಳೆ ಟೋಪಿ ಹಾಕಿಕೊಂಡು ಹೊರಟೆವು. ಗುಂಪು ಎದುರಾದಾಗ ಹುಡುಗ ನಾಲ್ಕು ತೋಟಾ ವ್ಯರ್ಥ ಮಾಡಿದ. ಐದನೆಯದಕ್ಕೆ ಒಂದು ಹಕ್ಕಿ ಬಿತ್ತು. ಅಜ್ಜ ಎರಡು ಹೊಡೆದರು. ಹತ್ತು ಗಂಟೆಯ ಹೊತ್ತಿಗೆ ಮೂರು ಹಕ್ಕಿಗಳನ್ನೂ ಬಂಡೆಯ ಮೇಲಿಟ್ಟು, ರೆಕ್ಕೆ ಬಿಡಿಸಿ ಮೊಮ್ಮಗನಿಗೆ ತೋರಿಸಿದರು. ಆ ವರ್ಷ ಹುಟ್ಟಿದ ಹಕ್ಕಿಯಾದರೆ ರೆಕ್ಕೆಯ ಹೊರಭಾಗದ ದೊಡ್ಡ ಗರಿಗಳ ಬುಡವನ್ನು ಮುಚ್ಚುವ ಪುಟ್ಟ ಗರಿಗಳ ತುದಿ ತಿಳಿ ಕಂದಾಗಿರುತ್ತದೆ. ಬಲಿತ ಹಕ್ಕಿಯಲ್ಲಿ ಅದು ಒಂದೇ ಬಣ್ಣ. ಮೂರೂ ಬಲಿತ ಹಕ್ಕಿಗಳು.

"ಈ ಸಲ ಇಲ್ಲಿಯೂ ಮರಿಗಳು ಕಡಿಮೆ" ಎಂದು ಅಜ್ಜ ಕೋವಿಯಿಂದ ತೋಟಾ ತೆಗೆದರು. ಕಾನೂನಿನ ಪ್ರಕಾರ ಇಬ್ಬರಿಗೂ ಸೇರಿ ಇನ್ನೂ 27 ಹಕ್ಕಿಗಳಿಗೆ ಅವಕಾಶವಿತ್ತು. ಹುಡುಗ ಒಮ್ಮೆ ಗುಡ್ಡದ ಕಡೆ ನೋಡಿದ, ತಾನೂ ತೋಟಾ ತೆಗೆದ. ಉಳಿದ ಹಗಲೆಲ್ಲ ನನ್ನ ದುರ್ಬೀನು ಅವನ ಕೊರಳಲ್ಲಿತ್ತು.

ಬೇಟೆಯನ್ನು ಒಪ್ಪುವುದು ನನ್ನಿಂದ ಈಗಲೂ ಪೂರ್ತಿ ಆಗುವುದಿಲ್ಲ. ಸತ್ತ ಹಕ್ಕಿಯ ಜುಟ್ಟು ಗಾಳಿಗೆ ಅಲುಗಾಡುತ್ತಿದ್ದದ್ದು ಮರೆಯಲೂ ಆಗಿಲ್ಲ. ಆದರೆ ಇಷ್ಟು ತಿಳಿದುಕೊಂಡು ಕೋವಿ ಇಳಿಸಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ನಮ್ಮ ಮರುಭೂಮಿಯ ಪಾಠ

ಲಾವಕ್ಕಿಗೆ ಸಲ್ಲುವ ಲೆಕ್ಕ ಎಲ್ಲ ಹಕ್ಕಿಗೂ ಸಲ್ಲುವುದಿಲ್ಲ ಎಂಬುದನ್ನು ಮಕ್ಕಳು ಮುಖ್ಯವಾಗಿ ತಿಳಿಯಬೇಕು. ನಮ್ಮ ರಾಜಸ್ಥಾನದ ಮರುಭೂಮಿಯಲ್ಲೂ, ಕರ್ನಾಟಕದ ಸಿರುಗುಪ್ಪ ಕಡೆಯ ಎರೆ ಬಯಲಿನಲ್ಲೂ ಇರುವ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ. ಹತ್ತು ಹನ್ನೆರಡು ಮೊಟ್ಟೆಯ ಲಾವಕ್ಕಿ ಒಂದು ಒಳ್ಳೆಯ ಮಳೆಗೆ ಚೇತರಿಸಿಕೊಂಡರೆ, ಒಂದು ಮೊಟ್ಟೆಯ ಎರೆಭೂತ ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ವರ್ಷಗಟ್ಟಲೆ ಬೇಕು. ಹಿಂದೆ ನಡೆದ ಬೇಟೆ, ಬಯಲು ಹೊಲವಾದದ್ದು, ಈಚೆಗೆ ವಿದ್ಯುತ್ ತಂತಿಗಳು ಎಲ್ಲ ಸೇರಿ ಇಂದು ಅದರ ಸಂಖ್ಯೆ ಇನ್ನೂರಕ್ಕೂ ಕಡಿಮೆ.

1979ರಲ್ಲಿ ಅರಬ್ ರಾಜಮನೆತನದವರು ಡೇಗೆಗಳೊಂದಿಗೆ ರಾಜಸ್ಥಾನದ ಮರುಭೂಮಿಗೆ ಬೇಟೆಗೆ ಬಂದಾಗ ಜನ ಪ್ರತಿಭಟಿಸಿದರು. ಮರುವರ್ಷ ಜೈಪುರದಲ್ಲಿ ಈ ಕುಲದ ಹಕ್ಕಿಗಳ ಬಗ್ಗೆ ಅಂತರರಾಷ್ಟ್ರೀಯ ವಿಚಾರಸಂಕಿರಣ ನಡೆಯಿತು. 1981ರಲ್ಲಿ ಎರೆಭೂತ ರಾಜಸ್ಥಾನದ ರಾಜ್ಯಪಕ್ಷಿಯಾಯಿತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದರ 1991ರ ತಿದ್ದುಪಡಿಗಳ ನಂತರ ಹಕ್ಕಿ ಬೇಟೆಗೆ ಎಡೆಯಿಲ್ಲ. ಬುರ್ಲಿಗೆ ಉರುಲು ಒಡ್ಡುವುದೂ ಅಪರಾಧವೇ.

ಹಾಗೆಂದು ಜಾಗ ಆರಿಸುವ ವಿದ್ಯೆ ನಮ್ಮ ಮಕ್ಕಳಿಗೆ ಬೇಡವೆಂದಲ್ಲ. ಶಾಲೆಯಿಂದ ಹಕ್ಕಿ ನೋಡಲು ಶಿಬಿರ ಹೊರಟರೂ ಪ್ರಶ್ನೆಗಳು ಅವೇ. ಕಳೆದ ಮಳೆ ಹೇಗಿತ್ತು? ನೆಲ ಯಾರದು, ಅನುಮತಿ ಇದೆಯೇ? ನೀರು ಎಲ್ಲಿದೆ, ಅದನ್ನು ಕುಡಿಯುವವರು ಯಾರು? ಹಳ್ಳ ಎಷ್ಟು ಎತ್ತರಕ್ಕೆ ಬರುತ್ತದೆ? ಜಾಗವನ್ನು ದೊಡ್ಡವರೇ ನಿಶ್ಚಯಿಸಿ ಮಕ್ಕಳನ್ನು ಬಸ್ಸಿಗೆ ಹತ್ತಿಸುವುದಕ್ಕಿಂತ, ಈ ಪ್ರಶ್ನೆಗಳನ್ನು ಅವರ ಕೈಗೇ ಕೊಟ್ಟು ನೋಡಬೇಕು.

ಈಚೆಗೆ ಮಗಳು ಫೋನಿನಲ್ಲಿ ಹೇಳಿದಳು. ಪಕ್ಕದ ಮನೆಯ ಹುಡುಗ ಈಗ ಅಂಗಳದಲ್ಲಿ ಒಂದು ಮಳೆಮಾಪಕ ನೆಟ್ಟಿದ್ದಾನಂತೆ. ಹನಿ ಬಿದ್ದ ದಿನ ಶಾಲೆಯಿಂದ ಬಂದವನೇ ಮೊದಲು ಅದರ ಬಳಿಗೆ ಓಡುತ್ತಾನಂತೆ.