ಯೂರೋ ಕದಲಲಿಲ್ಲ, ದುಡ್ಡು ಪೀಣ್ಯಕ್ಕೆ ಬಂತು!

ಬೆಂಗಳೂರಿನ ಪೀಣ್ಯ ಎರಡನೇ ಹಂತದ ಶೆಡ್ಡಿನಲ್ಲಿ ಸಿಎನ್‌ಸಿ ಯಂತ್ರ ಕಡೆದ ಬಿಡಿಭಾಗ ಹಡಗೇರಿ, ಕಸ್ಟಮ್ಸ್ ದಾಟಿ, ವಾರಗಟ್ಟಲೆ ಸಾಗಿ ಜರ್ಮನಿ ಸೇರುತ್ತದೆ. ಅದರ ಪೇಮೆಂಟಿಗೆ ದಾರಿ ತೋರಿಸುವುದು ಇನ್‌ವಾಯ್ಸಿನ ಅಡಿಯಲ್ಲಿ, ಖಾತೆ ಸಂಖ್ಯೆಯ ಪಕ್ಕ ಕೂತ ಬರೀ ಎಂಟು ಅಕ್ಷರ! ಕೆನರಾ ಬ್ಯಾಂಕಿನ ಸ್ವಿಫ್ಟ್ ಕೋಡ್ ನೋಡಿ: ಸಿ-ಎನ್-ಆರ್-ಬಿ-ಐ-ಎನ್-ಬಿ-ಬಿ. ಮೊದಲ ನಾಲ್ಕು ಬ್ಯಾಂಕು, ಆಮೇಲಿನ ಎರಡು ಭಾರತ, ಕೊನೆಯ ಎರಡು ಸ್ಥಳ. ಇನ್ನು ಮೂರು ಸೇರಿಸಿದರೆ ಇಂಥದ್ದೇ ಶಾಖೆ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಮಂಗಳೂರಿನಲ್ಲಿ ಕಟ್ಟಿದ ಬ್ಯಾಂಕನ್ನು ಸ್ಟುಟ್‌ಗಾರ್ಟಿನ ಕಂಪ್ಯೂಟರು ಗುರುತು ಹಿಡಿಯುವುದು ಇಷ್ಟರಿಂದಲೇ!

ಅದಕ್ಕಿಂತ ದೊಡ್ಡ ಬೆರಗು ಮುಂದಿದೆ. ಸ್ವಿಫ್ಟ್ ಒಂದು ಪೈಸೆಯನ್ನೂ ಸಾಗಿಸುವುದಿಲ್ಲ! 1973ರಲ್ಲಿ 15 ದೇಶಗಳ 239 ಬ್ಯಾಂಕುಗಳು ಕೂಡಿ ಬೆಲ್ಜಿಯಂನಲ್ಲಿ ಕಟ್ಟಿದ ಈ ಸಂಸ್ಥೆ ಒಯ್ಯುವುದು ಸಂದೇಶ ಮಾತ್ರ. ಮೊದಲ ಸಂದೇಶ ಹೊರಟದ್ದು 1977ರಲ್ಲಿ.

ಹಾಗಾದರೆ ಯೂರೋ ಎಲ್ಲಿ? ಯುರೋಪಿನಲ್ಲೇ! ನಮ್ಮ ಬ್ಯಾಂಕು ಅಲ್ಲಿನ ಬ್ಯಾಂಕೊಂದರಲ್ಲಿ ತನ್ನದೇ ಯೂರೋ ಖಾತೆ ಇಟ್ಟಿರುತ್ತದೆ. ನಾಸ್ಟ್ರೊ ಖಾತೆ ಎನ್ನುತ್ತಾರೆ. ಜರ್ಮನ್ ಗಿರಾಕಿಯ ಹಣ ಅದಕ್ಕೆ ಜಮೆ, ಲೆಕ್ಕ ಹಾಕಿದ ರೂಪಾಯಿ ಪೀಣ್ಯದ ಖಾತೆಗೆ ಜಮೆ. ಎರಡು ಲೆಕ್ಕದ ಪುಸ್ತಕಗಳು ಏಳು ಸಮುದ್ರದಾಚೆಯಿಂದ ಪರಸ್ಪರ ನಂಬಿದವು, ಅಷ್ಟೇ! ಎರಡೂ ಬ್ಯಾಂಕುಗಳಿಗೆ ನೇರ ನಂಟಿಲ್ಲದಿದ್ದರೆ ನಡುವೆ ಮೂರನೆಯದೊಂದು ಬರುತ್ತದೆ, ತನ್ನ ಶುಲ್ಕ ಮುರಿದುಕೊಳ್ಳುತ್ತದೆ. ಬಿಲ್ಲಿನ ಮೊತ್ತಕ್ಕಿಂತ ಕೈಗೆ ಬಂದದ್ದು ಕಡಿಮೆಯಾದರೆ ಕಾರಣ ಬಹುಮಟ್ಟಿಗೆ ಇದೇ.

ಇಷ್ಟೆಲ್ಲ ನಂಬಿಕೆ ಹೊತ್ತ ಕೋಡಿನಲ್ಲಿ ತಪ್ಪು ಹಿಡಿಯುವ ಅಂಕಿಯೇ ಇಲ್ಲ! ಯುರೋಪಿನ ಐಬ್ಯಾನ್ ಸಂಖ್ಯೆಯಲ್ಲಿ ಅದಕ್ಕೆಂದೇ ಎರಡು ಅಂಕಿ ಇವೆ. ಭಾರತ ಐಬ್ಯಾನ್ ಬಳಸುವುದಿಲ್ಲ. ಆದ್ದರಿಂದ ಇನ್‌ವಾಯ್ಸ್ ಕಳಿಸುವ ಮುನ್ನ ಒಂದೊಂದೇ ಅಕ್ಷರ ಓದಿ ನೋಡಿ, ದಯವಿಟ್ಟು. ಐಎಫ್‌ಎಸ್‌ಸಿಯನ್ನು ಆ ಜಾಗದಲ್ಲಿ ಬರೆಯಬೇಡಿ: ಅದಕ್ಕೂ ಹನ್ನೊಂದೇ ಅಕ್ಷರ, ಕೆನರಾದಲ್ಲಿ ಮೊದಲ ನಾಲ್ಕೂ ಅವೇ, ಆದರೆ ಐದನೆಯದು ಸೊನ್ನೆ, ಮತ್ತು ಅದು ದೇಶದೊಳಗಿನ ವಿಳಾಸ.

ಹಣ ಇಲ್ಲಿ ಇಳಿದ ಮೇಲೆ ರಿಸರ್ವ್ ಬ್ಯಾಂಕಿಗಾಗಿ ಇನ್ನೊಂದು ಗುರುತು ಅಂಟುತ್ತದೆ, ಹಣ ಯಾತಕ್ಕೆ ಬಂತೆಂದು ಹೇಳುವ ಪರ್ಪಸ್ ಕೋಡ್. ಅದೇ ದಾರಿಯಲ್ಲಿ ಬಂದರೂ ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಸಲಹೆಯ ಸಂಭಾವನೆಗೆ ಪಿ0802. ವೈಟ್‌ಫೀಲ್ಡಿನಲ್ಲಿರುವ ಅಮ್ಮನಿಗೆ ಅಮೆರಿಕದ ಮಗಳು ಮನೆಖರ್ಚಿಗೆಂದು ಕಳಿಸಿದ್ದಕ್ಕೆ ಪಿ1301!