ಬೆಂಕಿಯ ಎಚ್ಚರಿಕೆ: ನಮ್ಮ ಮನೆ, ನಮ್ಮ ಗೋದಾಮು



ಕೊಯ್ಲಿನ ಕಾಲದಲ್ಲಿ ಅಟ್ಟದಲ್ಲಿ ಅಡಿಕೆ, ಗೋದಾಮಿನಲ್ಲಿ ಕಾಫಿ ಚೀಲ, ಪಕ್ಕದಲ್ಲೇ ಕಟ್ಟಿಗೆ ಮತ್ತು ಪಂಪಿನ ಡೀಸೆಲ್ ಸೇರಿಕೊಳ್ಳುತ್ತವೆ. ಒಂದು ಕಿಡಿ ಸಾಕು.

ಬೆಂಕಿ ಬಿದ್ದರೆ ತಾನಾಗಿ ಎಚ್ಚರವಾಗುತ್ತದೆ ಎಂದು ನಂಬಿರುವವರು ಹಲವರು. ನಿದ್ರೆಯಲ್ಲಿ ಮೂಗನ್ನು ನಂಬುವಂತಿಲ್ಲ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಹೊಗೆ ತುಂಬಿ, ಇಳಿಯಲು ದಾರಿಯಿಲ್ಲದೆ ಕೆಲವರು ಕಿಟಕಿಯಿಂದ ಹಾರಿದರು. ಸತ್ತವರು 9 ಮಂದಿ.

ಕೆಲಸದ ಸ್ಥಳವನ್ನು ಅಪಾಯರಹಿತವಾಗಿ ಇಡುವುದು ಮಾಲೀಕನ ಕರ್ತವ್ಯವೆಂದು 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಹೇಳುತ್ತದೆ. ನಮ್ಮಲ್ಲಿ ಅನೇಕರ ಹಿಡುವಳಿ ಅದರ ವ್ಯಾಪ್ತಿಗೆ ಬಾರದಿರಬಹುದು. ಆದರೆ ಬೆಂಕಿ ಎಕರೆ ಲೆಕ್ಕ ಕೇಳುವುದಿಲ್ಲ.

ಬ್ಯಾಟರಿಯಿಂದ ನಡೆಯುವ ಹೊಗೆ ಅಲಾರಂ ಹೊಗೆ ತಾಗಿದೊಡನೆ ಕೂಗುತ್ತದೆ. ಹೊಗೆ ಮೇಲಕ್ಕೇರುವುದರಿಂದ ಅದನ್ನು ಮಲಗುವ ಕೋಣೆಯ ಹೊರಗೆ, ಅಟ್ಟದ ಹಲಗೆಯ ಅಡಿಯಲ್ಲಿ ಹಾಕಬೇಕು. ಅಡಿಗೆಮನೆಗೂ ಅಡಿಕೆ ಬೇಯಿಸುವ ಒಲೆಯ ಹತ್ತಿರಕ್ಕೂ ಅದು ಸಲ್ಲದು. ದಿನವೂ ಸುಮ್ಮಸುಮ್ಮನೆ ಕೂಗಿದರೆ ಬೇಸತ್ತು ಬ್ಯಾಟರಿ ಕಿತ್ತಿಡುತ್ತೇವೆ. ಅಂಥ ಕಡೆ ಶಾಖಕ್ಕೆ ಕೂಗುವ ಅಲಾರಂ ಇರಲಿ. ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡಬೇಕು. 10 ವರ್ಷಕ್ಕೆ ಅಲಾರಮನ್ನೇ ಬದಲಿಸಬೇಕು.

ಅಲಾರಂ ಕೂಗಿದರಷ್ಟೇ ಸಾಲದು, ಹೊರಗೆ ಬರಲು ದಾರಿಯೂ ಬೇಕು. ಇಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಕಾಫಿ ಕಳ್ಳತನದ ಭಯಕ್ಕೆ, ಕಾವಲುಗಾರನನ್ನು ಒಳಗೆ ಮಲಗಿಸಿ ಗೋದಾಮಿಗೆ ಹೊರಗಿನಿಂದ ಬೀಗ ಹಾಕುತ್ತಿದ್ದೆವು. ಕೀಲಿ ನಮ್ಮ ಮನೆಯ ಗೂಟದಲ್ಲಿ ನೇತಾಡುತ್ತಿತ್ತು. ಒಂದು ರಾತ್ರಿ ಮೋಟಾರಿನ ವೈರು ಸುಟ್ಟು ಹೊಗೆಯೆದ್ದಾಗ ಆತ ಬಾಗಿಲು ಬಡಿದ ಸದ್ದು ನಾಯಿ ಬೊಗಳಿದ ಮೇಲೆಯೇ ನಮಗೆ ಕೇಳಿದ್ದು. ಆತ ಬದುಕಿದ್ದು ನಮ್ಮ ಪುಣ್ಯ. ಈಗ ಚಿಲಕ ಒಳಗಡೆ ಇದೆ.

ಆದ್ದರಿಂದ ಮನುಷ್ಯರು ಮಲಗುವ ಯಾವ ಬಾಗಿಲಿಗೂ ಹೊರಗಿನಿಂದ ಬೀಗ ಬೇಡ. ಲೈನ್ ಮನೆಗಳಿಗೂ ಅಲಾರಂ ಹಾಕಿಸಿ. ವಿದ್ಯುತ್ ಬೆಂಕಿಗೆ ನೀರೆರಚದೆ ಮೊದಲು ಮೇನ್ ಸ್ವಿಚ್ ಆರಿಸಿ. ಬಾಗಿಲ ಬಳಿ ಪುಡಿಯ ಅಗ್ನಿಶಾಮಕ ಸಿಲಿಂಡರ್ ಇಟ್ಟು, ಅದನ್ನು ಬಳಸುವುದನ್ನು ಕೆಲಸಗಾರರಿಗೂ ಕಲಿಸಿ. 101 ಅಥವಾ 112ಕ್ಕೆ ಕರೆ ಮಾಡಬಹುದು. ಆದರೆ ನಮ್ಮ ಘಾಟಿ ರಸ್ತೆಯಲ್ಲಿ ಅಗ್ನಿಶಾಮಕ ವಾಹನ ಬರಲು ಹೊತ್ತು ಹಿಡಿಯುತ್ತದೆ. ಮೊದಲ ಕೆಲವು ನಿಮಿಷ ನಮ್ಮ ಕೈಯಲ್ಲೇ ಇದೆ.

ಈ ವಾರವೇ ಒಮ್ಮೆ ನಿಮ್ಮ ಬಾಗಿಲುಗಳ ಚಿಲಕ ಯಾವ ಕಡೆಗಿದೆ ಎಂದು ನೋಡಿಕೊಳ್ಳಬೇಕೆಂದು ವಿನಂತಿ.

— ಕಾರ್ಯದರ್ಶಿ