ಮಡಚುವ ಫೋನಿನ ಆಂಟೆನಾ: ಹೊಸದೋ ಹಳೆಯದೋ ಹೇಳುವವರು ಯಾರು?

ಬಳ್ಳಾರಿಯ ಬೆಂಗಳೂರು ರಸ್ತೆಯ ಮೊಬೈಲ್ ಅಂಗಡಿಯಲ್ಲಿ ಮಡಚುವ ಫೋನ್ ಕೈಗೆ ಸಿಕ್ಕರೆ ನಾವೆಲ್ಲ ಮಾಡುವುದು ಒಂದೇ ಕೆಲಸ. ನಾಲ್ಕು ಸಲ ಮಡಚುತ್ತೇವೆ, ನಾಲ್ಕು ಸಲ ಬಿಚ್ಚುತ್ತೇವೆ, ಬೆಲೆ ಕೇಳಿ ಮೆಲ್ಲಗೆ ವಾಪಸ್ ಇಡುತ್ತೇವೆ. ಪರದೆಯ ನಡುವಿನ ಗೆರೆ ಕಾಣುತ್ತದೆಯೇ, ಕೀಲು ಎಷ್ಟು ದಿನ ಬಾಳುತ್ತದೆ ಎಂದೂ ವಿಚಾರಿಸುತ್ತೇವೆ. ಆದರೆ ‘ಇದರ ಆಂಟೆನಾ ಎಲ್ಲಿದೆ? ಮಡಚಿದಾಗ ಅದು ಏನಾಗುತ್ತದೆ?’ ಎಂದು ಕೇಳಿದವರನ್ನು ನಾನಂತೂ ನೋಡಿಲ್ಲ.

ಈ ಪ್ರಶ್ನೆ ಕೇಳುವುದನ್ನೇ ಉದ್ಯೋಗ ಮಾಡಿಕೊಂಡವರಿದ್ದಾರೆ. ಅವರೇ ಪೇಟೆಂಟ್ ಪರೀಕ್ಷಕರು. ಎಂಜಿನಿಯರಿಂಗ್ ಮುಗಿಸಿದ ನಮ್ಮ ಕಡೆಯ ಹುಡುಗ ಹುಡುಗಿಯರು ಸಾಮಾನ್ಯವಾಗಿ ಎರಡೇ ದಾರಿ ನೋಡುತ್ತಾರೆ. ಒಂದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ, ಇನ್ನೊಂದು ಬ್ಯಾಂಕ್ ಅಥವಾ ಕೆಪಿಎಸ್‌ಸಿ ಕೋಚಿಂಗ್. ನಾಲ್ಕು ವರ್ಷ ಓದಿದ ವಿಷಯವೇ ಅನ್ನ ಕೊಡುವ ಈ ಮೂರನೆಯ ದಾರಿ ಹಲವರಿಗೆ ಗೊತ್ತೇ ಇಲ್ಲ.

ಮಡಚಿದರೆ ಟವರ್ ಏಕೆ ತಪ್ಪುತ್ತದೆ?

ಹಿಂದೆ ನಮ್ಮ ಮಾಳಿಗೆಗಳ ಮೇಲೆ ಮೀನಿನ ಮುಳ್ಳಿನಂತೆ ಕಾಣುತ್ತಿದ್ದ ಟಿ.ವಿ. ಆಂಟೆನಾ ನೆನಪಿದೆಯೇ? ಜಪಾನಿನ ಯಾಗಿ ಮತ್ತು ಉಡಾ 1926ರಲ್ಲಿ ಲೋಕಕ್ಕೆ ತೋರಿಸಿದ ವಿನ್ಯಾಸ ಅದು. ಅದರ ಕಡ್ಡಿಗಳ ಉದ್ದ, ನಡುವಿನ ಅಂತರ ಎಲ್ಲಕ್ಕೂ ಲೆಕ್ಕವಿದೆ. ಅಲೆಯ ಉದ್ದಕ್ಕೆ ತಕ್ಕಂತೆ ಆಂಟೆನಾದ ಅಳತೆ ಇರಬೇಕು. 300 ಎಂಬ ಸಂಖ್ಯೆಯನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರ್‌ನಲ್ಲಿ ಸಿಗುತ್ತದೆ. 900 ಮೆಗಾಹರ್ಟ್ಸ್‌ಗೆ ಅದು ಸುಮಾರು 33 ಸೆಂ.ಮೀ. ಅದರ ಕಾಲು ಭಾಗ 8 ಸೆಂ.ಮೀ.ಗೂ ತುಸು ಹೆಚ್ಚು. 5ಜಿ ಬಳಸುವ 3,500 ಮೆಗಾಹರ್ಟ್ಸ್‌ಗೆ ಕಾಲು ಭಾಗ ಬರೀ 2 ಸೆಂ.ಮೀ. ಚಿಲ್ಲರೆ.

ಈಗಿನ ಫೋನ್‌ಗಳಲ್ಲಿ ಸುತ್ತಲಿನ ಲೋಹದ ಅಂಚೇ ಆಂಟೆನಾ. ಆ ಅಂಚಿನಲ್ಲಿ ಅಲ್ಲಲ್ಲಿ ಕಾಣುವ ಸಣ್ಣ ಪ್ಲಾಸ್ಟಿಕ್ ಗೆರೆಗಳು ಅಂದಕ್ಕಾಗಿ ಇಟ್ಟವಲ್ಲ. ಲೋಹವನ್ನು ಬೇಕಾದ ಉದ್ದಕ್ಕೆ ತುಂಡು ಮಾಡಿ, ಒಂದೊಂದು ತುಂಡಿಗೆ ಒಂದೊಂದು ತರಂಗಾಂತರದ ಕೆಲಸ ಹಂಚಿರುತ್ತಾರೆ. ಸಾಮಾನ್ಯ ಫೋನಿನಲ್ಲಿ ಈ ಲೆಕ್ಕ ಒಮ್ಮೆ ಕೂತರೆ ಕೂತಂತೆ. ಮಡಚುವ ಫೋನಿನಲ್ಲಿ ಹಾಗಲ್ಲ. ಮಡಚಿದ ಕೂಡಲೇ ಒಂದು ಅರ್ಧದ ಲೋಹ ಇನ್ನೊಂದು ಅರ್ಧದ ಆಂಟೆನಾಕ್ಕೆ ಅಂಟಿಕೊಂಡಷ್ಟು ಹತ್ತಿರ ಬರುತ್ತದೆ. ಏಕತಾರಿಯ ತಂತಿಗೆ ಬೆರಳು ತಾಗಿಸಿದರೆ ಸ್ವರ ಬದಲಾಗುವ ಹಾಗೆ, ಆಂಟೆನಾದ ಶ್ರುತಿಯೂ ತಪ್ಪುತ್ತದೆ. ಬಿಚ್ಚಿದಾಗ ಚೆನ್ನಾಗಿದ್ದ ಟವರ್ ಮಡಚಿ ಜೇಬಿಗೆ ಹಾಕಿದಾಗ ಕೈಕೊಡಬಹುದು. ನಗರದ ನಡುವೆ ಇದು ಗೊತ್ತಾಗದೆ ಹೋಗಬಹುದು. ಮೊದಲೇ ಟವರ್ ಒಂದು ಕಡ್ಡಿಗೆ ಇಳಿದಿರುವ ಹೊಲದ ಬದುವಿನಲ್ಲಿ, ಬೆಟ್ಟದ ಮರೆಯಲ್ಲಿ ಅದೇ ದೊಡ್ಡ ವ್ಯತ್ಯಾಸ.

ಇದಕ್ಕೆ ಎಂಜಿನಿಯರ್‌ಗಳು ಹಲವು ಉಪಾಯ ಹುಡುಕಿದ್ದಾರೆ. ಮಡಚಿದಾಗ ಎರಡೂ ಅರ್ಧಗಳ ಸೀಳುಗಳು ಒಂದರ ಮೇಲೊಂದು ಸರಿಯಾಗಿ ಕೂರುವಂತೆ ಮಾಡುವುದು ಒಂದು. ಫೋನ್ ಮಡಚಿದೆಯೋ ಬಿಚ್ಚಿದೆಯೋ ಎಂಬುದನ್ನು ಸೆನ್ಸರ್‌ನಿಂದ ತಿಳಿದು, ಒಳಗಿನ ಸ್ವಿಚ್ ಬದಲಿಸಿ ಶ್ರುತಿ ಸರಿಪಡಿಸುವುದು ಇನ್ನೊಂದು. ಕೀಲಿನ ಬಳಿಯ ಲೋಹವನ್ನು ಗ್ರೌಂಡ್‌ಗೆ ಜೋಡಿಸುವುದು ಮತ್ತೊಂದು. ಇಂಥ ಒಂದೊಂದು ಉಪಾಯಕ್ಕೂ ಕಂಪನಿಗಳು ಪೇಟೆಂಟ್ ಕೇಳುತ್ತವೆ. ಪರೀಕ್ಷಕರ ಕೆಲಸ ಶುರುವಾಗುವುದು ಇಲ್ಲಿಂದ.

ಪರೀಕ್ಷಕರ ಮೇಜಿನ ಮೇಲೆ

ಒಂದು ಅರ್ಜಿ ಬಂದಿದೆ ಎಂದಿಟ್ಟುಕೊಳ್ಳಿ. ‘ಎರಡು ಅರ್ಧಗಳಿರುವ ಸಾಧನ, ನಡುವೆ ಕೀಲು, ಲೋಹದ ಅಂಚಿನಲ್ಲಿ ಸೀಳು, ಮಡಚಿದ್ದನ್ನು ತಿಳಿಯುವ ಸೆನ್ಸರ್, ಅದಕ್ಕೆ ತಕ್ಕಂತೆ ಬದಲಾಗುವ ಸ್ವಿಚ್’ ಎಂದು ಅದು ಹೇಳುತ್ತದೆ. ಇದನ್ನು ಕ್ಲೇಮ್ ಎನ್ನುತ್ತಾರೆ. ಹೊಲಕ್ಕೆ ಚೆಕ್ಕುಬಂದಿ ಹೇಗೋ ಪೇಟೆಂಟ್‌ಗೆ ಕ್ಲೇಮ್ ಹಾಗೆ. ಯಾವ ಗಡಿಯೊಳಗೆ ನನ್ನ ಹಕ್ಕು ಎಂದು ಒಂದೇ ವಾಕ್ಯದಲ್ಲಿ ಹೇಳಬೇಕು. ಆ ವಾಕ್ಯ ಕೆಲವೊಮ್ಮೆ ಅರ್ಧ ಪುಟ ಮೀರುತ್ತದೆ.

ಪರೀಕ್ಷಕರು ಮೊದಲು ಆ ವಾಕ್ಯವನ್ನು ಬಿಡಿಬಿಡಿಯಾಗಿ ಒಡೆಯುತ್ತಾರೆ. ಆಮೇಲೆ ಒಂದೊಂದು ತುಂಡಿಗೂ ಹಳೆಯ ದಾಖಲೆ ಹುಡುಕುತ್ತಾರೆ. ಜಗತ್ತಿನ ಪೇಟೆಂಟ್‌ಗಳನ್ನೆಲ್ಲ ಗ್ರಂಥಾಲಯದ ಪುಸ್ತಕಗಳಂತೆ ವಿಂಗಡಿಸಲಾಗಿದೆ. ಆಂಟೆನಾಗಳಿರುವ ಕಪಾಟಿನ ಹೆಸರು ಎಚ್01ಕ್ಯೂ, ಫೋನಿನ ಕಟ್ಟಡದ್ದು ಎಚ್04ಎಂ. ಮಡಚುವ ಫೋನ್ ಎಂದರೆ 2019ರ ಗ್ಯಾಲಕ್ಸಿ ಫೋಲ್ಡ್‌ನಿಂದ ಮಾತ್ರ ಹುಡುಕಿದರೆ ಸಾಲದು. 1996ರ ಮೊಟೊರೊಲಾ ಸ್ಟಾರ್‌ಟ್ಯಾಕ್ ಕೂಡ ಮಡಚುತ್ತಿತ್ತು. ಮಡಚಿದಾಗ ಸಿಗ್ನಲ್ ಏನಾಗುತ್ತದೆ ಎಂಬ ತಲೆನೋವು ಆ ಫ್ಲಿಪ್ ಫೋನ್‌ಗಳ ಕಾಲದ್ದೇ.

ಇಡೀ ಕ್ಲೇಮ್ ಒಂದೇ ಹಳೆಯ ದಾಖಲೆಯಲ್ಲಿ ಸಿಕ್ಕರೆ ಕಥೆ ಮುಗಿಯಿತು, ಅದು ಹೊಸದಲ್ಲ. ಆದರೆ ಸೀಳು ಒಂದು ದಾಖಲೆಯಲ್ಲಿ, ಸೆನ್ಸರ್ ಇನ್ನೊಂದರಲ್ಲಿ ಸಿಕ್ಕರೆ? ಆಗ ಕಷ್ಟದ ಪ್ರಶ್ನೆ ಎದುರಾಗುತ್ತದೆ. ಈ ಕಸುಬಿನಲ್ಲಿ ಪಳಗಿದ ಒಬ್ಬ ಸಾಮಾನ್ಯ ಎಂಜಿನಿಯರ್‌ಗೆ ಎರಡನ್ನೂ ಕೂಡಿಸುವುದು ಸಹಜವಾಗಿ ಹೊಳೆಯುತ್ತಿತ್ತೇ? ಹೌದಾದರೆ ಪೇಟೆಂಟ್ ಇಲ್ಲ. ಹೊಳೆಯುವಂತಿರಲಿಲ್ಲ, ಕೂಡಿಸಿದ್ದರಿಂದ ಯಾರೂ ನಿರೀಕ್ಷಿಸದ ಲಾಭ ಸಿಕ್ಕಿತು ಎಂದು ಅರ್ಜಿದಾರರು ತೋರಿಸಿದರೆ ಇದೆ.

ನಮ್ಮ 1970ರ ಪೇಟೆಂಟ್ ಕಾಯ್ದೆಯ 3(ಎಫ್) ಕಲಮು ಇದನ್ನೇ ಇನ್ನೊಂದು ರೀತಿಯಲ್ಲಿ ಹೇಳುತ್ತದೆ. ಗೊತ್ತಿರುವ ಸಾಧನಗಳನ್ನು ಪಕ್ಕಪಕ್ಕ ಜೋಡಿಸಿ, ಅವು ತಮ್ಮ ಪಾಡಿಗೆ ಹಳೆಯ ಕೆಲಸವನ್ನೇ ಮಾಡುತ್ತಿದ್ದರೆ ಅದು ಆವಿಷ್ಕಾರವಲ್ಲ. 1978ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಪ್ರಸಿದ್ಧ ಪ್ರಕರಣವಿದೆ. ಅದು ಮಿರ್ಜಾಪುರದ ಪಾತ್ರೆ ತಯಾರಕರದ್ದು. ಲೇಥ್ ಯಂತ್ರದಲ್ಲಿ ಪಾತ್ರೆಯನ್ನು ಹಿಡಿದು ನಿಲ್ಲಿಸುವ ವಿಧಾನಕ್ಕೆ ಅವರು ಪೇಟೆಂಟ್ ಪಡೆದಿದ್ದರು. ಕಾರ್ಖಾನೆಯಲ್ಲಿ ಕೆಲಸಗಾರರು ಮಾಡಿಕೊಳ್ಳುವ ಮಾಮೂಲು ಸುಧಾರಣೆಗಿಂತ ಹೆಚ್ಚಿನದು ಇರಬೇಕು ಎಂದ ನ್ಯಾಯಾಲಯ, ಆ ಪೇಟೆಂಟ್ ನಿಲ್ಲದು ಎಂದಿತು. ಪಾತ್ರೆಗೆ ಹಾಕಿದ ಆ ಅಳತೆಗೋಲೇ ಇಂದು ಲಕ್ಷ ರೂಪಾಯಿ ಮೀರಿದ ಫೋನಿನ ಆಂಟೆನಾಕ್ಕೂ ಅನ್ವಯ.

ದೊಡ್ಡ ಹೆಸರಿಗೂ ಇಲ್ಲಿ ವಿನಾಯಿತಿ ಇಲ್ಲ. ರೇಡಿಯೊ ಎಂದರೆ ಮಾರ್ಕೋನಿ ಎಂದು ನಾವು ಶಾಲೆಯಲ್ಲಿ ಉರು ಹೊಡೆದವರು. ಶ್ರುತಿಗೂಡಿಸುವ ಸರ್ಕ್ಯೂಟ್‌ಗಾಗಿ ಅಮೆರಿಕದಲ್ಲಿ ಆತ ಪಡೆದಿದ್ದ ಪೇಟೆಂಟ್‌ನ ಮುಖ್ಯ ಕ್ಲೇಮ್‌ಗಳನ್ನು ಅಲ್ಲಿನ ಸುಪ್ರೀಂ ಕೋರ್ಟ್ 1943ರಲ್ಲಿ ರದ್ದು ಮಾಡಿತು. ಲಾಡ್ಜ್, ಟೆಸ್ಲಾ, ಸ್ಟೋನ್ ಅವರ ಕೆಲಸ ಅದಕ್ಕೂ ಮೊದಲೇ ಇತ್ತು ಎಂಬುದು ಕಾರಣ. ಅಷ್ಟರಲ್ಲಿ ಮಾರ್ಕೋನಿ ತೀರಿಕೊಂಡು ಆರು ವರ್ಷವಾಗಿತ್ತು.

ನಮ್ಮವರೇ ಹಾಕಿದ ದಾರಿ

ಆಂಟೆನಾ ಎಂದರೆ ಪರದೇಶದ ವಿದ್ಯೆ ಎಂದುಕೊಳ್ಳಬೇಕಿಲ್ಲ. 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಅಮೆರಿಕದ ಮಿಷಿಗನ್‌ನಲ್ಲಿ ಡಾಕ್ಟರೇಟ್ ಪಡೆದು, 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಬೋಧಕರಾದರು. ಪತಿ ಶಿಶಿರ್ ಕುಮಾರ್ ಚಟರ್ಜಿ ಜೊತೆ ಸೇರಿ ಅಲ್ಲಿ ಮೈಕ್ರೊವೇವ್ ಸಂಶೋಧನೆಯನ್ನು ಕಟ್ಟಿದರು. ವಿಮಾನ, ಬಾಹ್ಯಾಕಾಶ ನೌಕೆಗಳಿಗೆ ಬೇಕಾಗುವ ಆಂಟೆನಾಗಳ ಬಗ್ಗೆ ಕೆಲಸ ಮಾಡಿ, ವಿದ್ಯಾರ್ಥಿಗಳಿಗಾಗಿ ಪುಸ್ತಕ ಬರೆದರು. ಇಸಿ ವಿಭಾಗದಲ್ಲಿ ಕೂತು ‘ಫೀಲ್ಡ್ ಥಿಯರಿ ಯಾರಿಗೆ ಬೇಕು’ ಎಂದು ಗೊಣಗುವ ನಾವು ಒಮ್ಮೆ ಅವರ ಬದುಕನ್ನು ಓದಬೇಕು.

ಹುದ್ದೆ ಎಷ್ಟು, ಅರ್ಹತೆ ಏನು?

ಈಗ ನೇರ ಲೆಕ್ಕಕ್ಕೆ ಬರೋಣ. ಕೇಂದ್ರ ಸರ್ಕಾರ 2023ರಲ್ಲಿ 553 ಪೇಟೆಂಟ್ ಪರೀಕ್ಷಕ ಹುದ್ದೆಗಳಿಗೆ ಅರ್ಜಿ ಕರೆದಿತ್ತು. ಅದರಲ್ಲಿ ಅತಿ ಹೆಚ್ಚು, ಅಂದರೆ 108 ಹುದ್ದೆ, ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್‌ಗೆ ಮೀಸಲಾಗಿತ್ತು. ಮೆಕ್ಯಾನಿಕಲ್‌ಗೆ 99, ಕಂಪ್ಯೂಟರ್ ಸೈನ್ಸ್‌ಗೆ 63, ರಸಾಯನಶಾಸ್ತ್ರಕ್ಕೆ 56, ಭೌತಶಾಸ್ತ್ರಕ್ಕೆ 30. ಎಂಜಿನಿಯರಿಂಗ್ ವಿಭಾಗಗಳಿಗೆ ಬಿ.ಇ. ಸಾಕಿತ್ತು, ವಿಜ್ಞಾನದವರಿಗೆ ಎಂ.ಎಸ್ಸಿ. ಬೇಕಿತ್ತು. ಗ್ರೂಪ್ ‘ಎ’ ಗೆಜೆಟೆಡ್ ಹುದ್ದೆ, ಆರಂಭದ ಮೂಲ ವೇತನ 56,100 ರೂಪಾಯಿ. ಇಂಥ ಅಧಿಸೂಚನೆ ವರ್ಷವರ್ಷವೂ ಬರುವುದಿಲ್ಲ. ಬಂದಾಗ ಸಿದ್ಧರಿರಬೇಕು, ಅಷ್ಟೆ.

ಇನ್ನೊಂದು ದಾರಿ ಪೇಟೆಂಟ್ ಏಜೆಂಟ್. ಅರ್ಜಿ ಬರೆದುಕೊಡುವವರು, ಪರೀಕ್ಷಕರ ಆಕ್ಷೇಪಕ್ಕೆ ಉತ್ತರಿಸುವವರು ಇವರು. 21 ವರ್ಷ ತುಂಬಿದ, ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ ಇರುವ ಭಾರತೀಯರು ಪರೀಕ್ಷೆ ಬರೆಯಬಹುದು. ಕಾನೂನು ಪದವಿ ಬೇಕಿಲ್ಲ. ಎರಡು ಲಿಖಿತ ಪತ್ರಿಕೆ, ಒಂದು ಮೌಖಿಕ ಪರೀಕ್ಷೆ ಇರುತ್ತವೆ. 2023–24ರಲ್ಲಿ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪೇಟೆಂಟ್‌ಗಳಿಗೆ ಮಂಜೂರಾತಿ ಸಿಕ್ಕಿದೆ ಎಂದರೆ ಅದರ ಹಿಂದೆ ಓದಿ ಬರೆಯುವ ಕೈಗಳು ಎಷ್ಟಿರಬೇಕು, ನೀವೇ ಊಹಿಸಿ.

ಒಂದು ತೊಡಕೂ ಇದೆ, ಅದನ್ನು ಮುಚ್ಚಿಡುವುದು ಬೇಡ. ಪೇಟೆಂಟ್ ಕಚೇರಿಯ ದಾಖಲೆಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಇರಬೇಕು. ಕುರುಗೋಡಿನ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿ ಬಂದವರಿಗೆ ಅರ್ಧ ಪುಟದ ಇಂಗ್ಲಿಷ್ ವಾಕ್ಯ ಕಂಡರೆ ತಲೆ ಸುತ್ತುವುದು ಸಹಜ. ಆದರೆ ಆ ವಾಕ್ಯದಲ್ಲಿ ಅಲಂಕಾರವಿಲ್ಲ, ಗಾದೆಯಿಲ್ಲ. ಭಾಗಗಳ ಹೆಸರು, ಯಾವುದಕ್ಕೆ ಯಾವುದು ಜೋಡಣೆ ಎಂಬುದು, ಅಷ್ಟೇ ಇರುತ್ತದೆ. ಪೆನ್ಸಿಲ್ ಹಿಡಿದು ಚಿತ್ರ ಬಿಡಿಸುತ್ತ ಓದಿದರೆ ಹತ್ತನೆಯ ಪೇಟೆಂಟ್ ಹೊತ್ತಿಗೆ ಹೆದರಿಕೆ ಹೋಗುತ್ತದೆ. ನಾನು ಓದಿದ್ದು ಹಾಗೆಯೇ.

ಪ್ರದರ್ಶನಕ್ಕೆ ಮೊದಲೋ, ಅರ್ಜಿ ಮೊದಲೋ?

ಪರೀಕ್ಷಕರಾಗುವ ಆಸೆ ಇಲ್ಲದವರೂ ಈ ವಿಷಯ ತಿಳಿದಿರಬೇಕು. ಏಕೆ ಎನ್ನುವುದಕ್ಕೆ ನನ್ನ ಗೆಳೆಯರ ಕಥೆಯೇ ಸಾಕ್ಷಿ. ಅವರಲ್ಲಿ ಒಬ್ಬನದು ಸಿರುಗುಪ್ಪ, ಮನೆಯ ಸುತ್ತ ರೈಸ್ ಮಿಲ್‌ಗಳು. ಭತ್ತದ ರಾಶಿಯೊಳಗಿನ ತೇವಾಂಶ ಅಳೆದು ಮೊಬೈಲ್‌ಗೆ ಕಳಿಸುವ ಸಾಧನವನ್ನು ಕೊನೆಯ ವರ್ಷದ ಪ್ರಾಜೆಕ್ಟ್ ಮಾಡಿದರು. ಒದ್ದೆ ಭತ್ತದ ನಡುವೆ ಸಿಗ್ನಲ್ ಸತ್ತೇ ಹೋಗುತ್ತಿತ್ತು. ತಿಂಗಳುಗಟ್ಟಲೆ ಒದ್ದಾಡಿ, ಚುಚ್ಚುವಾಗ ಮಡಚಿಕೊಂಡು ಒಳಗೆ ಹೋದ ಮೇಲೆ ಬಿಚ್ಚಿಕೊಳ್ಳುವ ಆಂಟೆನಾ ಮಾಡಿದರು. ಕಾಲೇಜಿನ ಪ್ರದರ್ಶನದಲ್ಲಿ ಚಪ್ಪಾಳೆ ಬಿತ್ತು. ಚಿತ್ರ, ಅಳತೆ ಸಮೇತ ವಿಡಿಯೊ ಯೂಟ್ಯೂಬ್‌ಗೆ ಹೋಯಿತು. ಎಲ್ಲ ಮುಗಿದ ಮೇಲೆ ಪೇಟೆಂಟ್ ಏಜೆಂಟ್ ಒಬ್ಬರ ಬಳಿ ಹೋದರೆ ಅವರು ಕೇಳಿದ ಮೊದಲ ಪ್ರಶ್ನೆ, ‘ಇದನ್ನು ಎಲ್ಲಾದರೂ ತೋರಿಸಿದ್ದೀರೇನಪ್ಪಾ?’

ಅರ್ಜಿ ಹಾಕುವ ಮೊದಲೇ ಲೋಕಕ್ಕೆ ಬಿಚ್ಚಿಟ್ಟರೆ ನಮ್ಮದೇ ವಿಡಿಯೊ ನಮಗೆ ಎದುರಾಳಿ. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಸೂಚಿಸಿದ ಪ್ರದರ್ಶನ, ವಿದ್ವತ್ ಸಂಸ್ಥೆಯಲ್ಲಿ ಓದಿದ ಪ್ರಬಂಧದಂಥ ಕೆಲವಕ್ಕೆ ಕಾಯ್ದೆಯಲ್ಲಿ 12 ತಿಂಗಳ ರಿಯಾಯಿತಿ ಇದೆ. ಕಾಲೇಜು ಹಬ್ಬ ಆ ಪಟ್ಟಿಯಲ್ಲಿ ಬರುವುದಿಲ್ಲ. ಗೆಳೆಯರು ಈಗ ಆ ಸಾಧನಕ್ಕೆ ಇನ್ನೊಂದು ಸುಧಾರಣೆ ಮಾಡುತ್ತಿದ್ದಾರೆ. ಈ ಸಲ ಬಾಯಿಗೆ ಬೀಗ.

ಖರ್ಚಿನ ಭಯವೂ ಬೇಡ. ವ್ಯಕ್ತಿಗಳು, ಸ್ಟಾರ್ಟ್‌ಅಪ್‌ಗಳು, ಶಿಕ್ಷಣ ಸಂಸ್ಥೆಗಳು ಆನ್‌ಲೈನ್‌ನಲ್ಲಿ ಅರ್ಜಿ ಹಾಕಲು ಶುಲ್ಕ 1,600 ರೂಪಾಯಿ, ಪರಿಶೀಲನೆಗೆ ಕೋರಲು 4,000 ರೂಪಾಯಿ. ದೊಡ್ಡ ಕಂಪನಿಗಳಿಗೆ ಇದು 8,000 ಮತ್ತು 20,000. ಏಜೆಂಟ್ ಇಟ್ಟುಕೊಂಡರೆ ಅವರ ಫೀಸು ಬೇರೆ. ಪರಿಶೀಲನೆ ಬೇಕೆಂದು ಪ್ರತ್ಯೇಕವಾಗಿ 31 ತಿಂಗಳೊಳಗೆ ಕೇಳಬೇಕು. ಕೇಳದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಪರೀಕ್ಷಕರ ಮೊದಲ ವರದಿ ಬಂದ ಮೇಲೆ ಉತ್ತರಕ್ಕೆ ಆರು ತಿಂಗಳ ಕಾಲಾವಕಾಶ. ಮಂಜೂರಾದರೆ ಅರ್ಜಿ ಹಾಕಿದ ದಿನದಿಂದ 20 ವರ್ಷ ಹಕ್ಕು. 1953ರವರೆಗೆ ಮದ್ರಾಸ್ ಆಡಳಿತದಲ್ಲಿದ್ದ ಬಳ್ಳಾರಿಗೆ ಈ ವಿಷಯದಲ್ಲಿ ಇಂದಿಗೂ ಚೆನ್ನೈ ದಿಕ್ಕೇ. ಕರ್ನಾಟಕದ ಅರ್ಜಿಗಳು ಗಿಂಡಿಯ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಸೇರುತ್ತವೆ. ಆದರೆ ಅರ್ಜಿ ಹಾಕಲು ರೈಲು ಹತ್ತಬೇಕಿಲ್ಲ. ಸಲಹೆಗೆ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರವಿದೆ.

ಒಂದು ಅಭ್ಯಾಸ ಮಾಡಿ ನೋಡಿ. ಭಾರತ ಸರ್ಕಾರದ ‘ಇನ್‌ಪಾಸ್’ ಅಥವಾ ಗೂಗಲ್ ಪೇಟೆಂಟ್ಸ್ ತೆರೆಯಿರಿ. ಎರಡೂ ಉಚಿತ. ಮಡಚುವ ಸಾಧನದ ಆಂಟೆನಾ ಎಂದು ಹುಡುಕಿ ಒಂದು ಪೇಟೆಂಟ್ ಆರಿಸಿಕೊಳ್ಳಿ. ಮೊದಲ ಕ್ಲೇಮ್ ಅನ್ನು ತುಂಡು ಮಾಡಿ ಪಟ್ಟಿ ಬರೆಯಿರಿ. ಪ್ರತಿ ತುಂಡಿನ ಮುಂದೆ ಅದಕ್ಕಿಂತ ಹಳೆಯ ಒಂದು ದಾಖಲೆ ಹುಡುಕಿ ಹಾಕಿ. ಕೊನೆಗೆ ಯಾವ ತುಂಡಿನ ಮುಂದೆ ಜಾಗ ಖಾಲಿ ಉಳಿಯುತ್ತದೋ, ಹೊಸದು ಏನಾದರೂ ಇದ್ದರೆ ಅದು ಅಲ್ಲೇ ಇರುತ್ತದೆ. ಆಮೇಲೆ ನಿಮ್ಮ ಪ್ರಾಜೆಕ್ಟ್ ವರದಿಯನ್ನೂ ಹೀಗೇ ಓದಿ. ‘ನಮ್ಮದು ಹೊಸದು’ ಎಂದು ಯಾರು ಬೇಕಾದರೂ ಹೇಳಬಹುದು. ಎಲ್ಲಿ ಹೊಸದು ಎಂದು ಬೆರಳಿಟ್ಟು ತೋರಿಸಬಲ್ಲವರಿಗೆ ಪರೀಕ್ಷಕರ ಕುರ್ಚಿಯೂ ಇದೆ, ಅವರ ಎದುರಿನ ಕುರ್ಚಿಯೂ ಇದೆ.